ಮನುಷ್ಯರ ಕಿವಿಗೆ ಕೇಳಿಸದ ದನಿ

ನಮ್ಮ ಮಾವ ಸೊಲ್ಲಾಪುರದ ಪವರ್‌ಲೂಮ್ ಶೆಡ್ಡಿನಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಟವೆಲು, ಚಾದರ ನೇಯ್ದವರು. ಕೆಲಸ ಬಿಟ್ಟ ಮೇಲೆ ಅಲ್ಲಿನ ಬಾಡಿಗೆ ಖೋಲಿ ಖಾಲಿ ಮಾಡಿ ಅಕ್ಕಲಕೋಟೆಯಲ್ಲಿ ನಮ್ಮ ಜೊತೆ ಇರಲು ಬಂದರು. ಅತ್ತೆ ತೀರಿಹೋಗಿ ಆಗಲೇ ಕೆಲವು ವರ್ಷಗಳಾಗಿದ್ದವು. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಸ್ವಂತ ಕೈಯಿಂದ ನೇಯ್ದ ಎರಡು ಚಾದರ, ಇಷ್ಟೇ ಸಾಮಾನು. ಬಂದ ದಿನ ಸಂಜೆ ಅಂಗಳದ ಕಟ್ಟೆಯ ಮೇಲೆ ಕೂತು, ಸುತ್ತ ನೋಡಿ, “ಇಲ್ಲಿ ಭಾಳ ಗಪ್ ಅದಲ್ಲೋ” ಎಂದು ಮಗನಿಗೆ ಹೇಳಿದರು. ಎಷ್ಟು ಜೋರಾಗಿ ಹೇಳಿದರೆಂದರೆ ಎದುರು ಮನೆಯವರು ಏನಾಯಿತೋ ಎಂದು ಬಾಗಿಲಿಗೆ ಬಂದು ನೋಡಿದರು.

ನನ್ನ ಗಂಡನದು ಅಕ್ಕಲಕೋಟೆಯ ಪೇಟೆಯಲ್ಲಿ ಮೋಟಾರು ರಿವೈಂಡಿಂಗ್ ಮಾಡುವ ಸಣ್ಣ ಅಂಗಡಿ. ನಾನು ಮೈಂದರ್ಗಿಯ ಒಂದು ಕನ್ನಡ ಶಾಲೆಯಲ್ಲಿ ಪಾಠ ಹೇಳುತ್ತೇನೆ. ಬೆಳಿಗ್ಗೆ ಬಸ್ಸಿಗೆ ಹೋದರೆ ತಿರುಗಿ ಬರುವುದು ಮಧ್ಯಾಹ್ನ ದಾಟಿದ ಮೇಲೆ. ಅಲ್ಲಿಯವರೆಗೆ ಮನೆಯಲ್ಲಿ ಮಾವ ಒಬ್ಬರೇ. ಅದರಿಂದ ಅವರಿಗೇನೂ ಬೇಸರವಾದಂತೆ ಕಾಣಲಿಲ್ಲ. ತೊಗರಿಬೇಳೆ ಹಸನು ಮಾಡಿಡುವರು. ನಳಕ್ಕೆ ನೀರು ಬಂದ ದಿನ ಡ್ರಮ್ಮು ತುಂಬಿಸುವರು. ಒಣಗಿದ ಬಟ್ಟೆಗಳನ್ನು ಅಂಗಡಿಯವರ ಹಾಗೆ ಅಂಚಿಗೆ ಅಂಚು ಕೂಡಿಸಿ ಮಡಚುವರು. ನನ್ನ ಒಂದು ಸೀರೆಯ ಸೆರಗಿನಲ್ಲಿ ಎಳೆ ತಪ್ಪಿದ್ದನ್ನು ತೋರಿಸಿ, ಇದನ್ನು ನೇಯ್ದವನು ಆ ಹೊತ್ತಿನಲ್ಲಿ ಯಾರೊಂದಿಗೋ ಮಾತಾಡುತ್ತಿದ್ದ ಎಂದು ಹೇಳಿದ್ದರು.

ಎರಡು ತಿಂಗಳು ಕಳೆದಿರಬೇಕು. ಮಳೆ ಸುರುವಾಗಿತ್ತು. ಒಂದು ಮುಂಜಾನೆ ನಾನು ರೊಟ್ಟಿ ಬಡಿಯುತ್ತಿದ್ದಾಗ ಹಿಂದೆ ಬಂದು ನಿಂತರು.

“ಯವ್ವಾ, ನಿಮ್ಮ ಊರಾಗ ಡಾಸ ಭಾಳ ಅವ. ಎಡಗಿವಿ ಬಾಜೂಕ ಕೂತು ಗುಂಯ್ ಅಂತಾವ. ಕಣ್ಣ ಹತ್ತಗೊಡೂದಿಲ್ಲ.”

ನಮ್ಮ ಕಡೆ ಸೊಳ್ಳೆಗೆ ಮರಾಠಿಯ ಡಾಸ ಎಂಬ ಮಾತೇ ರೂಢಿ. ಡಾಸ ಇದ್ದದ್ದು ಸುಳ್ಳಲ್ಲ. ನಮ್ಮ ಓಣಿಗೆ ನೀರು ಬರುವುದು ನಾಲ್ಕೈದು ದಿನಕ್ಕೊಮ್ಮೆ, ಹಾಗಾಗಿ ಪ್ರತಿ ಮನೆಯ ಮುಂದೆಯೂ ನೀಲಿ ಡ್ರಮ್ಮುಗಳು ಸಾಲಾಗಿ ನಿಂತಿರುತ್ತವೆ. ಮುಚ್ಚಳ ಸರಿಯಾಗಿ ಕೂರದ ಡ್ರಮ್ಮಿನಲ್ಲಿ ಇಣುಕಿದರೆ ಸಣ್ಣ ಹುಳಗಳು ಬಾಲ ಬಡಿಯುತ್ತ ಮೇಲೆ ಕೆಳಗೆ ಓಡಾಡುವುದು ಕಾಣುತ್ತದೆ. ವಾರಕ್ಕೊಂದು ದಿನ ನೀರು ಚೆಲ್ಲಿ ಡ್ರಮ್ಮು ತಿಕ್ಕಿ ಒಣಗಿಸಬೇಕೆಂದು ಶಾಲೆಯಲ್ಲಿ ಮಕ್ಕಳಿಗೆ ಹೇಳುವವಳು ನಾನೇ, ಮನೆಯಲ್ಲಿ ಮಾಡದಿದ್ದವಳೂ ನಾನೇ. ಆ ರವಿವಾರ ನಾಚಿಕೆಯಾಗಿ ಎಲ್ಲ ಡ್ರಮ್ಮುಗಳನ್ನೂ ಉರುಳಿಸಿ ತಿಕ್ಕಿದೆ. ಹಳೆಯ ಸೀರೆಯ ತುಂಡುಗಳನ್ನು ಅವುಗಳ ಬಾಯಿಗೆ ಬಿಗಿದು ಕಟ್ಟಿದೆ.

ಕಡಿತ ಕಡಿಮೆಯಾಯಿತು. ನನಗೂ ಗಂಡನಿಗೂ ಗೊತ್ತಾಗುವಷ್ಟು ಕಡಿಮೆಯಾಯಿತು. ಮಾವನಿಗೆ ಮಾತ್ರ ದನಿ ನಿಲ್ಲಲಿಲ್ಲ. ಸೊಳ್ಳೆ ಬತ್ತಿ ಹಚ್ಚಿದೆವು. ಹತ್ತಿಯ ಧೂಳು ಕುಡಿದಿದ್ದ ಎದೆ, ಆ ಹೊಗೆಗೆ ಕೆಮ್ಮು ಹತ್ತಿ ಬಿಡಲೇ ಇಲ್ಲ. ಪರದೆ ಕಟ್ಟಿದೆವು, ಚೀಲದೊಳಗೆ ಮಲಗಿದ ಹಾಗಾಗುತ್ತದೆಂದು ಬಿಚ್ಚಿಸಿದರು. ಎಣ್ಣೆಯ ಶೀಸೆ ಬಂತು, ಬೇವಿನ ಸೊಪ್ಪಿನ ಹೊಗೆ ಬಂತು. ಕರೆಂಟಿನ ಬ್ಯಾಟು ತಂದುಕೊಟ್ಟರೆ, ಕಟ್ಟೆಯ ಮೇಲೆ ಕೂತು ಎಡಗಿವಿಯ ಹತ್ತಿರ ಗಾಳಿಯಲ್ಲಿ ಬೀಸುತ್ತಲೇ ಇದ್ದರು. ಅದು ಒಮ್ಮೆಯೂ ಚಟ್ ಎನ್ನಲಿಲ್ಲ.

“ಜಾಣ ಡಾಸ ಅದ ಇದು. ಕೈ ಎತ್ತೂದ್ರಾಗ ಹೋಗಿರ್ತದ” ಎನ್ನುತ್ತಿದ್ದರು.

ಒಂದೆರಡು ಸಲ ಪಕ್ಕದಲ್ಲಿ ಕೂತು ನಾನೂ ಹುಡುಕಿದೆ. “ಎಲ್ಲೂ ಕಾಣವಲ್ದು ಮಾವಾರ” ಎಂದರೆ, “ನಿನಗ ಹ್ಯಾಂಗ ಕಾಣಬೇಕು, ಅದು ನನ್ನ ಹಂತ್ಯಾಕ ಅದ” ಎಂದು ಉತ್ತರ.

ಹೀಗಿರುವಾಗ ನನ್ನ ಗಂಡ ತಾಮ್ರದ ತಂತಿ ತರಲು ಸೊಲ್ಲಾಪುರಕ್ಕೆ ಹೋದವರು ಒಂದು ಹೊಸ ಯಂತ್ರ ತಂದರು. ಅಂಗೈಯಗಲದ ಬಿಳಿ ಡಬ್ಬಿ, ನೇರವಾಗಿ ಪ್ಲಗ್ಗಿಗೆ ಸಿಕ್ಕಿಸುವಂಥದ್ದು. ಮುಂದೆ ಜಾಲರಿ, ಕೆಳಗೆ ನೀಲಿ ದೀಪ. ಪೆಟ್ಟಿಗೆಯ ಮೇಲೆ ಸೊಳ್ಳೆ, ಇಲಿ, ಜಿರಲೆ, ಹಲ್ಲಿ, ಜೇಡ ಎಲ್ಲದರ ಚಿತ್ರವಿತ್ತು. ಎಲ್ಲದರ ಮೇಲೂ ಕೆಂಪು ಗೀಟು. ಬರೆದದ್ದೆಲ್ಲ ಇಂಗ್ಲಿಷಿನಲ್ಲಿ. ಮಾವ ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟು ಏನು ಬರೆದಿದೆ ಓದಿ ಹೇಳು ಎಂದರು.

“ಹೊಗಿ ಇಲ್ಲ, ವಾಸನಿ ಇಲ್ಲ. ಇದು ಮನುಷ್ಯಾರ ಕಿವಿಗೆ ಕೇಳಸದಂಥಾ ದನಿ ಮಾಡ್ತದಂತ. ಆ ದನಿಗೆ ಡಾಸ ಓಡಿ ಹೋಗ್ತಾವಂತ” ಎಂದು ಗಟ್ಟಿಯಾಗಿ ಹೇಳಿದೆ.

ಮಾವ ಡಬ್ಬಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. “ದನಿ ಮಾಡ್ತದ, ಆದ್ರ ಕೇಳಸೂದಿಲ್ಲ? ಇಷ್ಟ ವರ್ಷ ಮಶೀನ ನಡಿಸೀನಿ, ಇಂಥಾ ಮಶೀನ ನೋಡಿಲ್ಲ ಬಿಡು.”

ಆದರೂ ಅದನ್ನು ತಲೆದಿಂಬಿನ ಕಡೆಯ ಪ್ಲಗ್ಗಿಗೆ ಸಿಕ್ಕಿಸಿಕೊಂಡು ಎಂಟು ದಿನ ಗಾಢವಾಗಿ ನಿದ್ದೆ ಮಾಡಿದರು. ಬೆಳಿಗ್ಗೆ ಎದ್ದು ಓಣಿಯಲ್ಲಿ ಕಂಡವರಿಗೆಲ್ಲ ಯಂತ್ರದ ಗುಣಗಾನ. ಪಕ್ಕದ ಮನೆಯ ಕಾಕು, ಅಂದರೆ ಊರಿನ ಸ್ವಾಮಿಗಳ ದರ್ಶನಕ್ಕೆ ಬರುವ ಭಕ್ತರಿಗೆ ಕಡಕ್ ಭಾಕರಿ ಎಂಬ ಒಣ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುವ, ಓಣಿಗೆಲ್ಲ ಕಾಕು ಎನಿಸಿಕೊಂಡ ಹೆಂಗಸು, ತಾನೂ ಒಂದು ತರಿಸಿದಳು. ಅವಳದನ್ನು ನೋಡಿ ಎದುರು ಮನೆಯವರು ತರಿಸಿದರು. ತಿಂಗಳೊಳಗೆ ನಮ್ಮ ಓಣಿಯ ನಾಲ್ಕು ಮನೆಗಳಲ್ಲಿ ನೀಲಿ ದೀಪ.

ಎರಡನೆಯ ವಾರ ಮಾವ ಮತ್ತೆ ಒಲೆಯ ಹತ್ತಿರ ಬಂದರು. ಈ ಸಲ ಮುಖದಲ್ಲಿ ದೂರಿರಲಿಲ್ಲ, ಒಂದು ಬಗೆಯ ಹೆಮ್ಮೆಯೇ ಇತ್ತು.

“ಯವ್ವಾ, ಆ ಮಶೀನಿನ ದನಿ ನನಗ ಕೇಳಸ್ತದ.”

“ಅದು ಕೇಳಸೂದಿಲ್ರಿ ಮಾವಾರ. ಹಂಗಂತ ಬರದಾರ.”

“ಬರದಿರಲಿ. ನನಗ ಕೇಳಸ್ತದ. ಸಣ್ಣಗ, ಒಂದ ಸವನ ಗುಂಯ್ ಅಂತದ.”

ಬಾಗಿಲು ಬಡಿದರೆ ಕೇಳಿಸದ, ಕುಕ್ಕರಿನ ಸೀಟಿ ಕೇಳಿಸದ ಮನುಷ್ಯನಿಗೆ ಯಾರಿಗೂ ಕೇಳಿಸದ ದನಿ ಕೇಳಿಸುತ್ತದೆ! ನನಗೆ ನಗು ತಡೆಯಲಾಗಲಿಲ್ಲ. ಮರುದಿನ ಶಾಲೆಯಲ್ಲಿ ಬುತ್ತಿ ಬಿಚ್ಚಿದಾಗ ಸಹೋದ್ಯೋಗಿಗಳಿಗೆ ಮಾವನ ದನಿಯಲ್ಲೇ ಮಾಡಿ ತೋರಿಸಿದೆ. ಎಲ್ಲರೂ ನಕ್ಕರು. ಚೆನ್ನಾಗಿ ಮಾಡಿ ತೋರಿಸಿದೆನೆಂದು ಇನ್ನೊಮ್ಮೆ ಮಾಡಿಸಿದರು.

ಕೆಲವು ದಿನಗಳಲ್ಲಿ ಹೆಮ್ಮೆ ಹೋಗಿ ಕಿರಿಕಿರಿ ಬಂತು. ಯಂತ್ರ ಕಿತ್ತು ಬದಿಗಿಟ್ಟರೂ ದನಿ ನಿಲ್ಲುವುದಿಲ್ಲ, ಅದರೊಳಗೆ ಏನೋ ಕೆಟ್ಟಿದೆ, ಬಿಚ್ಚಿ ನೋಡು ಎಂದು ಮಗನ ಬೆನ್ನು ಹತ್ತಿದರು. ನನ್ನ ಗಂಡ ಊಟದ ಮೇಲೆ ಸ್ಕ್ರೂ ಡ್ರೈವರ್ ಹಿಡಿದು ಕೂತರು. ಡಬ್ಬಿ ಬಿಚ್ಚಿ, ಸ್ವಲ್ಪ ಹೊತ್ತು ನೋಡಿ, ನನ್ನನ್ನು ಹತ್ತಿರ ಕರೆದರು.

“ನೋಡಿಲ್ಲಿ. ದೀಪ ಹತ್ತಸಾಕ ಒಂದ ಸಣ್ಣ ಸರ್ಕಿಟ್. ಮತ್ತ ಈ ಹಿತ್ತಾಳಿ ಬಿಲ್ಲಿ. ಇಷ್ಟ. ಇದಕ್ಕ ಡಾಸ ಹ್ಯಾಂಗ ಓಡ್ತಾವೋ ನನಗಂತೂ ತಿಳೀವಲ್ದು.”

“ಹಂಗಾದ್ರ ಮಾವಾರಿಗೆ ಹೇಳ್ರಿ.”

ಅವರು ತಂದೆಯ ಕಡೆ ನೋಡಿದರು. ಮಾವ ಕಟ್ಟೆಯ ಮೇಲೆ ಕೂತು ಎಡಗಿವಿಯನ್ನು ಬೆರಳಿನಿಂದ ಒತ್ತಿ ಒತ್ತಿ ಬಿಡುತ್ತಿದ್ದರು. “ಬ್ಯಾಡ,” ಎಂದರು ನನ್ನ ಗಂಡ. “ಎಂಟ ದಿನ ಛಂದ ನಿದ್ದಿ ಮಾಡ್ಯಾರ. ಇನ್ನೊಂದ ಎಂಟ ದಿನ ಮಾಡಲಿ.” ಸ್ಕ್ರೂಗಳನ್ನು ಮತ್ತೆ ಬಿಗಿದು, “ರಿಪೇರಿ ಆಗ್ಯಾದ ಅಪ್ಪಾ” ಎಂದು ಕೂಗಿ ಹೇಳಿದರು. ಸುಳ್ಳು ಹೇಳುವುದು ನನಗೆ ಸರಿ ಕಾಣಲಿಲ್ಲ. ಆದರೆ ಅವರ ಮುಖ ನೋಡಿ ಸುಮ್ಮನಾದೆ.

ರಿಪೇರಿ ಫಲ ಕೊಡಲಿಲ್ಲ. ಮಾವ ತಮ್ಮದೇ ಒಂದು ಲೆಕ್ಕ ಹಾಕಿದರು. ಕಾಕುವಿನ ಮನೆ ನಮ್ಮ ಎಡಕ್ಕೆ; ನಡುವೆ ಒಂದೇ ಗೋಡೆ. ಅವಳ ಯಂತ್ರ ಅಲ್ಲಿಂದ ಓಡಿಸಿದ ಡಾಸ ಎಲ್ಲಿಗೆ ಹೋಗಬೇಕು? ನಮ್ಮ ಮನೆಗೇ ಬರಬೇಕು. ಸಾಲದ್ದಕ್ಕೆ ಅವಳ ಯಂತ್ರದ ದನಿಯೂ ಗೋಡೆ ದಾಟಿ ಬರುತ್ತಿದೆ. ಈ ಮಾತನ್ನು ಎರಡು ಮೂರು ದಿನ ಮನೆಯಲ್ಲೇ ಆಡಿದರು. ನಾಲ್ಕನೆಯ ದಿನ ನಾನು ಶಾಲೆಯಿಂದ ಬಂದು ಓಣಿಗೆ ಕಾಲಿಡುವಾಗಲೇ ಅವರ ದನಿ ಕಾಕುವಿನ ಮನೆಯಿಂದ ಕೇಳಿಸಿತು. ಚಪ್ಪಲಿಯನ್ನೂ ಬಿಡದೆ ಓಡಿದೆ.

ಕಾಕು ಹಿಟ್ಟಿನ ಕೈಯಲ್ಲೇ ಎದ್ದು ನಿಂತಿದ್ದಳು. ಮಾವ ಹೊಸ್ತಿಲಲ್ಲಿ.

“ನಿನ್ನ ಮಶೀನ ಬಂದ್ ಮಾಡು ಕಾಕು. ಕೈ ಮುಗೀತೀನಿ. ಅದರ ದನಿ ಗ್ವಾಡಿ ದಾಟಿ ನನ್ನ ಕಿವ್ಯಾಗ ಬರಾಕತ್ತದ.”

“ಅಣ್ಣಾರ, ಮುಂಜಾನಿಂದ ಲೈಟೇ ಇಲ್ಲ.”

ಮಾವನಿಗೆ ಕೇಳಿಸಲಿಲ್ಲ. ಅವಳು ಇನ್ನೂ ಗಟ್ಟಿಯಾಗಿ, “ಲೈಟ ಇಲ್ರಿ! ಪೂರಾ ಓಣ್ಯಾಗ ಇಲ್ಲ!” ಎಂದು ಕೂಗಿ, ಮೇಲೆ ನಿಂತೇ ಇದ್ದ ಫ್ಯಾನಿನ ಕಡೆ ಬೆರಳು ಮಾಡಿದಳು.

ಮಾವ ಫ್ಯಾನು ನೋಡಿದರು. ಗೋಡೆಯ ಹತ್ತಿರ ಹೋಗಿ ಬಗ್ಗಿ ಯಂತ್ರ ನೋಡಿದರು. ನೀಲಿ ದೀಪ ಆರಿತ್ತು. ಆಮೇಲೆ ನಿಧಾನವಾಗಿ ಎರಡೂ ಅಂಗೈಗಳಿಂದ ಎರಡೂ ಕಿವಿ ಮುಚ್ಚಿಕೊಂಡರು. ಹಾಗೇ ನಿಂತರು. ಅವರ ಮುಖ ಬಿಳಿಚಿಕೊಂಡದ್ದನ್ನು ನಾನು ನೋಡಿದೆ. ಕೈ ತೆಗೆದು, “ನಿಂತ್ತು. ಈಗ ನಿಂತ್ತು” ಎಂದು ಹೇಳಿ, ನನ್ನ ಮುಖವನ್ನೂ ನೋಡದೆ ಮನೆಗೆ ನಡೆದುಬಿಟ್ಟರು.

“ಏನ ನಿಂತ್ತು?” ಎಂದಳು ಕಾಕು. “ಮಶೀನ ಚಾಲೂ ಇದ್ರಲ್ಲೇನ ನಿಲ್ಲೂದು?”

ನನಗೆ ಅಲ್ಲೇ ಅರ್ಥವಾಗಬೇಕಿತ್ತು. ಆಗಲಿಲ್ಲ. ಸುಮ್ಮನೆ ಜಗಳಕ್ಕೆ ಹೋಗಿ ತಪ್ಪು ಗೊತ್ತಾದ ಮೇಲೆ ಮುಖ ಉಳಿಸಿಕೊಂಡರು ಎಂದಷ್ಟೇ ತಿಳಿದೆ. ಕಾಕುವಿಗೆ ಬೇಜಾರು ಮಾಡಿಕೋಬೇಡ ಎಂದು ಹೇಳಿ ಬಂದೆ.

ಆ ದಿನದಿಂದ ಮಾವ ಡಾಸದ ಮಾತೇ ಎತ್ತಲಿಲ್ಲ. ಎಡಗಿವಿಗೆ ಕೈ ಒಯ್ಯುವುದನ್ನೂ ಬಿಟ್ಟರು. ಹೋಗುತ್ತಿದ್ದ ಕೈ ಅರ್ಧಕ್ಕೆ ನಿಂತು ಮೀಸೆ ತೀಡಿ ಕೆಳಗಿಳಿಯುತ್ತಿತ್ತು. ಅಂತೂ ಒಂದು ತಂಟೆ ಮುಗಿಯಿತು ಎಂದು ನಾವು ಗಂಡಹೆಂಡತಿ ಸಮಾಧಾನಪಟ್ಟೆವು. ನನ್ನ ರಿಪೇರಿ ತಡವಾಗಿ ಕೆಲಸ ಮಾಡಿತು ನೋಡು ಎಂದು ನನ್ನ ಗಂಡ ತಮಾಷೆ ಮಾಡಿದರು.

ನಾನು ಗಮನಿಸಿದ್ದು ಹಿಟ್ಟನ್ನು. ಮೊದಲು ವಾರಕ್ಕೊಮ್ಮೆ ದೊಡ್ಡ ಡಬ್ಬಿ ಜೋಳ ಗಿರಣಿಗೆ ಹೋಗುತ್ತಿತ್ತು. ಈಗ ಶಾಲೆಯಿಂದ ಬಂದರೆ ದಿನವೂ ಬಿಸಿ ಆರದ ಹೊಸ ಹಿಟ್ಟು. ರೊಟ್ಟಿ ಬಡಿಯಲು ಹಾಯಾಗಿತ್ತು, ಮಾವನನ್ನು ಹೊಗಳಿದೆ ಕೂಡ. ಬರಬರುತ್ತ ಗೋಧಿ ಹೋಯಿತು, ಕಡಲೆ ಹೋಯಿತು, ಅಕ್ಕಿ ಹೋಯಿತು. ಯಾರಿಗೂ ಬೇಡದ ಅಕ್ಕಿಹಿಟ್ಟು ಎರಡು ಡಬ್ಬಿ ತುಂಬಿ ಕೂತಿತ್ತು. ಕೇಳಿದರೆ, “ಮನ್ಯಾಗ ಇರಲಿ ಬಿಡು, ಹಪ್ಪಳಕ್ಕ ಬರ್ತದ” ಎಂದರು.

ಒಂದು ಶನಿವಾರ ಅರ್ಧ ದಿನದ ಶಾಲೆ. ಮೈಂದರ್ಗಿಯಿಂದ ಬರುವಾಗ ಅಕ್ಕಲಕೋಟೆಯ ಊರ ಬಾಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಅಡ್ಡವಾಗಿ ಬಸ್ಸು ನಿಂತಿತು. ಕಿಟಕಿಯ ಎದುರಿಗೇ ಗಿರಣಿ. ಬೆಲ್ಟು ಪಟಪಟ ಓಡುತ್ತಿತ್ತು, ಒಳಗೆಲ್ಲ ಹಿಟ್ಟಿನ ಮಂಜು. ಆ ಮಂಜಿನ ನಡುವೆ, ಯಂತ್ರಕ್ಕೆ ಎಷ್ಟು ಹತ್ತಿರ ಕೂರಬಹುದೋ ಅಷ್ಟು ಹತ್ತಿರ, ಖಾಲಿ ಚೀಲದ ಮೇಲೆ ನಮ್ಮ ಮಾವ. ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದರು. ಹುಬ್ಬು ಮೀಸೆ ಎಲ್ಲ ಬೆಳ್ಳಗಾಗಿತ್ತು. ಡಬ್ಬಿ ಪಕ್ಕದಲ್ಲಿ ಮುಚ್ಚಳ ಹಾಕಿ ಸಿದ್ಧವಾಗಿತ್ತು. ಅವರ ಹಿಟ್ಟು ಬೀಸಿ ಮುಗಿದಿತ್ತು ಅಂತಾಯಿತು. ಆ ಮುಖದಲ್ಲಿದ್ದ ನೆಮ್ಮದಿಯನ್ನು ನಾನು ನಮ್ಮ ಮನೆಯಲ್ಲಿ ಒಂದು ದಿನವೂ ನೋಡಿರಲಿಲ್ಲ.

ಅಲ್ಲೇ ಇಳಿದೆ. ಗಿರಣಿಯವನು ಶಾಲೆಯ ಬಾಯಾರೆಂದು ನನ್ನನ್ನು ಗುರುತಿಸಿ ಬಾಗಿಲಿಗೆ ಬಂದ.

“ದಿನಾ ಬರ್ತಾರ್ರಿ ಬಾಯಾರ. ಬೀಸೂದು ಮುಗದ್ರೂ ಹೋಗೂದಿಲ್ಲ. ನಾ ಮಶೀನ ಬಂದ್ ಮಾಡಿದ್ನಿ ಅಂದ್ರ ಎದ್ದು ಹೋಗ್ತಾರ. ಯಾರ ಜೋಡೀನೂ ಮಾತಿಲ್ಲ ಕತಿಯಿಲ್ಲ. ಮನ್ಯಾಗೇನರ ತಂಟಿ ಅದ ಏನ್ರಿ?”

ಕಡೆಯ ಮಾತು ನನಗೆ ಚುಚ್ಚಿತು. ಒಳಗೆ ಹೋಗಿ ಮಾವನ ಪಕ್ಕದ ಚೀಲದ ಮೇಲೆ ಕೂತೆ. ಅವರು ಕಣ್ಣು ಬಿಟ್ಟರು. ಕದ್ದು ಸಿಕ್ಕವರಂತೆ ಗಡಬಡಿಸಿ ಡಬ್ಬಿ ಎತ್ತಿಕೊಂಡರು. ಹೊರಗೆ ಬಂದು ಬೇವಿನ ಮರದ ನೆರಳು ದಾಟಿದ ಮೇಲೆ ಕೇಳಿದೆ.

“ಅಲ್ಲಿ ಯಾಕ ಕೂತಿದ್ರಿ ಮಾವಾರ?”

“ಅಲ್ಲಿ ಕೂತ್ರ ಅದು ಮುಳಗ್ತದ.”

“ಏನು?”

“ಡಾಸ.” ಸ್ವಲ್ಪ ದೂರ ನಡೆದರು. “ಡಾಸ ಅಲ್ಲ ಯವ್ವಾ. ಡಾಸ ಅಲ್ಲಂತ ಅವತ್ತ ಕಾಕುನ ಮನ್ಯಾಗ ತಿಳೀತು. ಎರಡೂ ಕಿವಿ ಗಟ್ಟಿ ಮುಚ್ಚಿದ್ನಿ. ಹೊರಗಿನ ದನಿ ಆಗಿದ್ರ ಕಡಿಮಿ ಆಗಬೇಕಿತ್ತಲ್ಲ? ಜಾಸ್ತಿ ಆತು. ಅದು ಒಳಗ ಅದ.”

“ಮತ್ತ ನಮಗ ಯಾಕ ಹೇಳಲಿಲ್ಲ?”

ಮಾವ ನಿಂತರು. ಜೀವನದಲ್ಲಿ ಮೊದಲ ಸಲ ಅವರು ಮೆಲ್ಲಗೆ ಮಾತಾಡಿದ್ದು ಆಗಲೇ ಇರಬೇಕು. ನಾನು ಹತ್ತಿರ ಸರಿದು ಕೇಳಬೇಕಾಯಿತು. “ನಾ ಸಣ್ಣಾಂವ ಇದ್ದಾಗ ನಮ್ಮ ಸ್ವಾದರತ್ತಿಗಿ ಹಿಂಗ ಆಗಿತ್ತು. ಯಾರೋ ಕರದಂಗ, ಏನೋ ಊದಿದಂಗ ಕೇಳಸ್ತದ ಅಂತಿದ್ಲು. ಹುಚ್ಚ ಹಿಡದದ ಅಂತ ಹಿಂದಿನ ಖೋಲ್ಯಾಗ ಹಾಕಿ ಚಿಲಕಾ ಹಾಕಿದ್ರು. ಊಟದ ತಾಟ ಬಾಗಲ ಕೆಳಗ ಸರಸ್ತಿದ್ರು. ಆ ತಾಟ ನಾನೂ ಸರಿಸೀನಿ ಯವ್ವಾ. ನೀವು ಹಂಗ ಮಾಡಾವ್ರಲ್ಲ, ಗೊತ್ತದ. ಆದ್ರೂ ಅಂಜಿಕಿ.”

ನಾನು ಅವರ ಕೈಯಿಂದ ಡಬ್ಬಿ ತೆಗೆದುಕೊಂಡೆ. ಶಾಲೆಯಲ್ಲಿ ನಕ್ಕಿದ್ದನ್ನು ಅವರಿಗೆ ಹೇಳಿ ತಪ್ಪಾಯಿತು ಎನ್ನಬೇಕೆನಿಸಿತು. ಹೇಳಿದರೆ ನನ್ನ ಎದೆ ಹಗುರಾಗುತ್ತಿತ್ತು, ಅವರ ಎದೆ ಭಾರವಾಗುತ್ತಿತ್ತು. ಹೇಳಲಿಲ್ಲ.

ಮುಂದಿನ ವಾರ ಸೊಲ್ಲಾಪುರದ ಒಬ್ಬ ಕಿವಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಮೊದಲು ಕಿವಿಯ ಪರೀಕ್ಷೆ. ಗಾಜಿನ ಕಿಟಕಿಯ ಒಂದು ಸಣ್ಣ ಕೋಣೆ, ಗೋಡೆಗೆಲ್ಲ ಮೆತ್ತೆ, ಹೊರಗಿನ ಒಂದು ಸದ್ದೂ ಒಳಗೆ ಬರದ ಹಾಗೆ. ಕಿವಿಗೆ ಹೆಡ್‌ಫೋನು ಹಾಕಿ, ದನಿ ಕೇಳಿಸಿದಾಗಲೆಲ್ಲ ಗುಂಡಿ ಒತ್ತಬೇಕೆಂದು ಹೇಳಿ ಬಾಗಿಲು ಮುಚ್ಚಿದರು. ಮಾವ ಗುಂಡಿಯಿಂದ ಬೆರಳು ತೆಗೆಯಲೇ ಇಲ್ಲ. ಪರೀಕ್ಷೆ ಮಾಡುವ ಹುಡುಗಿ ಬಾಗಿಲು ತೆಗೆದು, “ಬಾಬಾ, ನಾನಿನ್ನೂ ದನಿ ಬಿಟ್ಟೇ ಇಲ್ಲ” ಎಂದು ಮರಾಠಿಯಲ್ಲಿ ರೇಗಿದಳು. ಅವರಿಗೆ ಒಳಗಿನದು ಕೇಳಿಸುತ್ತಿದೆ ಎಂದು ನಾನು ವಿವರಿಸಿದೆ. ಅವಳು ಅವರ ಪಕ್ಕ ಕುಕ್ಕರಗಾಲಲ್ಲಿ ಕೂತು, ಹೊರಗಿನ ದನಿ ಹೇಗಿರುತ್ತದೆಂದು ಬಾಯಿಯಿಂದ ಮಾಡಿ ತೋರಿಸಿ, ಮತ್ತೆ ಮೊದಲಿನಿಂದ ಸುರು ಮಾಡಿದಳು. ಆ ನಿಶ್ಶಬ್ದದಿಂದ ಹೊರಗೆ ಬರುವಷ್ಟರಲ್ಲಿ ಮಾವನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

ಡಾಕ್ಟರು ಕಾಗದದ ಮೇಲಿನ ಗೀಟು ನೋಡಿದರು. ಅದು ಒಂದಷ್ಟು ದೂರ ನೆಟ್ಟಗೆ ಹೋಗಿ ಆಮೇಲೆ ಬಾವಿಯ ಮೆಟ್ಟಿಲಿನ ಹಾಗೆ ಕೆಳಗಿಳಿದಿತ್ತು. ನಾವು ಏನೂ ಹೇಳುವ ಮೊದಲೇ, “ಎಷ್ಟು ವರ್ಷ ಮಗ್ಗದಲ್ಲಿ ಇದ್ದಿರಿ ಬಾಬಾ?” ಎಂದು ಮರಾಠಿಯಲ್ಲಿ ಕೇಳಿದರು. ನನಗೆ ಆಶ್ಚರ್ಯವಾಯಿತು. ಈ ಊರಿನಲ್ಲಿ ಇಂಥ ಗೀಟನ್ನು ನೋಡುವುದು ತಮಗೆ ಹೊಸದಲ್ಲ ಎಂದರು.

ಆಮೇಲೆ ಬಿಡಿಸಿ ಹೇಳಿದರು. ಅಷ್ಟು ವರ್ಷದ ಗದ್ದಲಕ್ಕೆ ಕಿವಿಯ ಒಳಗಿನ ಸೂಕ್ಷ್ಮ ನರಗಳು ಸತ್ತಿವೆ. ಎತ್ತರದ ದನಿಗಳು ಕೇಳಿಸುವುದಿಲ್ಲ; ಅವುಗಳ ಜಾಗದಲ್ಲಿ ಈ ಗುಂಯ್ ಹುಟ್ಟಿಕೊಂಡಿದೆ. ಶೆಡ್ಡಿನಲ್ಲಿದ್ದಾಗಲೂ ಇದ್ದಿರಬೇಕು, ಮಗ್ಗದ ಸದ್ದಿನಲ್ಲಿ ಮುಚ್ಚಿಹೋಗಿತ್ತು; ಅಕ್ಕಲಕೋಟೆಯ ಶಾಂತ ಮನೆಗೆ ಬಂದ ಮೇಲೆ ಬಯಲಿಗೆ ಬಂತು. ಇದನ್ನು ತೆಗೆದುಹಾಕುವ ಔಷಧವಿಲ್ಲ. ಆದರೆ ಕಿವಿಗೆ ಯಂತ್ರ ಹಾಕಿ ಹೊರಗಿನ ದನಿ ಕೇಳಿಸುವಂತಾದರೆ ಒಳಗಿನದು ಹಿಂದೆ ಸರಿಯುತ್ತದೆ. ಮಲಗುವಾಗ ಪಕ್ಕದಲ್ಲಿ ಸಣ್ಣಗೆ ರೇಡಿಯೋ ಇಡಿ, ಪೂರ್ತಿ ನಿಶ್ಶಬ್ದದಲ್ಲಿ ಕೂರಿಸಬೇಡಿ.

ನಾನು ಸೊಳ್ಳೆ ಓಡಿಸುವ ಯಂತ್ರದ ಸಂಗತಿಯನ್ನೂ ಕೇಳಿದೆ. ಡಾಕ್ಟರು ನಕ್ಕುಬಿಟ್ಟರು. ಅವರ ಮನೆಯಲ್ಲೂ ಒಂದು ಇದೆಯಂತೆ. ಅದರ ಜಾಲರಿಯ ಮೇಲೆಯೇ ಸೊಳ್ಳೆ ಕೂತಿದ್ದನ್ನು ಅವರ ಹೆಂಡತಿ ಫೋಟೋ ತೆಗೆದು ಕಳಿಸಿದ್ದರಂತೆ. “ನಿಮ್ಮ ಮಾವನಿಗೆ ಕೇಳಿಸಿದ್ದು ಅದಲ್ಲ. ಅಂಥ ದನಿ ನನಗೇ ಕೇಳಿಸುವುದಿಲ್ಲ, ಅವರಿಗಂತೂ ಸಾಧ್ಯವೇ ಇಲ್ಲ” ಎಂದರು.

ಇಷ್ಟನ್ನೂ ನಾನು ಮಾವನಿಗೆ ಕನ್ನಡದಲ್ಲಿ ಕೂಗಿ ಕೂಗಿ ಹೇಳಿದೆ. ಹೊರಗೆ ಕೂತ ರೋಗಿಗಳೆಲ್ಲರಿಗೂ ಕೇಳಿಸಿರಬೇಕು. ಮಾವ ಎಲ್ಲ ಕೇಳಿ, ಡಾಕ್ಟರ ಕಡೆ ತಿರುಗಿ ಒಂದೇ ಮಾತು ಕೇಳಿದರು: “ಹುಚ್ಚ ಅಲ್ಲಲ್ರಿ?”

ಡಾಕ್ಟರಿಗೆ ಅಷ್ಟು ಕನ್ನಡ ಬರುತ್ತಿತ್ತು. “ಹುಚ್ಚ ನಾಹೀ ಬಾಬಾ,” ಎಂದರು. “ಕಾಮಾಚಾ ಆವಾಜ.” ಕೆಲಸದ ದನಿ.

ಮನೆಗೆ ಬಂದು ನನ್ನ ಗಂಡನಿಗೆ ಎಲ್ಲ ಹೇಳಿದೆ. ಅವರು ತಂದೆಯ ಮುಂದೆ ಹೋಗಿ, ರಿಪೇರಿ ಅಂದದ್ದು ಸುಳ್ಳು, ಆ ಡ‌ಬ್ಬಿಯಲ್ಲಿ ಏನೂ ಇರಲಿಲ್ಲ ಎಂದು ಒಪ್ಪಿಕೊಂಡರು. ಮಾವ ಸಿಟ್ಟಾಗಲಿಲ್ಲ. “ಎಂಟ ದಿನ ನಿದ್ದಿ ಕೊಟ್ಟದ ಅದು. ಅದಕ್ಕ ಬೈಬ್ಯಾಡ” ಎಂದರು. ಅವತ್ತೇ ಕಾಕುವಿನ ಮನೆಗೂ ಹೋಗಿ ಬಂದರು. ಏನು ಮಾತಾಡಿದರೋ ಗೊತ್ತಿಲ್ಲ. ತಿರುಗಿ ಬರುವಾಗ ಕೈಯಲ್ಲಿ ಕಾಗದದಲ್ಲಿ ಸುತ್ತಿದ ಶೇಂಗಾ ಚಟ್ನಿ ಇತ್ತು. ನನ್ನ ಗಂಡ ಅಂಗಡಿಯಿಂದ ಒಂದು ಹಳೆಯ ರೇಡಿಯೋ ತಂದು ದುರಸ್ತಿ ಮಾಡಿ ದಿಂಬಿನ ಹತ್ತಿರ ಇಟ್ಟರು. ಕನ್ನಡ ಸ್ಟೇಷನ್ನು ಅಷ್ಟಕ್ಕಷ್ಟೇ ಹಿಡಿಯುತ್ತದೆ, ಅರ್ಧಕ್ಕರ್ಧ ಗರಗರ. ಮಾವನಿಗೆ ಆ ಗರಗರವೇ ಬೇಕು.

ಮೂರು ವಾರದ ಮೇಲೆ ಕಿವಿಯ ಯಂತ್ರ ತಯಾರಾಗಿದೆ ಎಂದು ಫೋನು ಬಂತು. ಮತ್ತೆ ಇಬ್ಬರೂ ಸೊಲ್ಲಾಪುರಕ್ಕೆ ಹೋದೆವು. ಅದನ್ನು ಹಾಕಿಕೊಂಡು ದವಾಖಾನೆಯ ಮೆಟ್ಟಿಲಿಳಿದ ಮಾವ ಅಲ್ಲೇ ನಿಂತು ತಮ್ಮ ಚಪ್ಪಲಿಯನ್ನು ನೆಲಕ್ಕೆ ಎರಡು ಸಲ ಉಜ್ಜಿದರು. “ಚಪ್ಪಲಿಗೆ ದನಿ ಇರ್ತದಂತ ಮರತೇಬಿಟ್ಟಿದ್ನಿ” ಎಂದರು. ಆಮೇಲೆ, “ಶೆಡ್ಡಿನ ಕಡೆ ಹೋಗಿ ಬರೂಣೇನು? ದೋಸ್ತರಿಗೆ ಕೇಳೂದದ” ಎಂದರು.

ಶೆಡ್ಡಿನ ಎದುರು ಒಂದು ಚಹಾದಂಗಡಿ. ಅದನ್ನು ನಡೆಸುವವಳು ಮಾವನ ಪಕ್ಕದ ಮಗ್ಗದಲ್ಲಿದ್ದವರೊಬ್ಬರ ಹೆಂಡತಿ. ಗಂಡ ತೀರಿಹೋದ ಮೇಲೆ ಅಂಗಡಿ ಇಟ್ಟಿದ್ದಳು. ಬೆಂಚಿನ ಮೇಲೆ ಕೆಲಸ ಬಿಟ್ಟ ಮೂವರು ಹಳೆಯ ನೇಕಾರರು ಕೂತಿದ್ದರು. ಒಳಗಿನ ಮಗ್ಗಗಳ ಸದ್ದಿಗೆ ನನಗೆ ಮಾತು ಕೇಳಿಸುವುದೇ ಕಷ್ಟವಾಗಿತ್ತು. ಅವರು ಮಾತ್ರ ಒಬ್ಬರ ತುಟಿ ಒಬ್ಬರು ನೋಡುತ್ತ ಆರಾಮವಾಗಿ ಹರಟುತ್ತಿದ್ದರು.

ಮಾವ ಕೂತರು, ಚಹಾ ಹೇಳಿದರು, ಊರ ಸುದ್ದಿ ಮಾತಾಡಿದರು. ಆಮೇಲೆ ತಮ್ಮ ಕಿವಿಯ ಯಂತ್ರ ತೋರಿಸಿ, ಮೂವರನ್ನೂ ನೋಡಿ ಕೇಳಿದರು:

“ಖರೆ ಹೇಳ್ರಿ. ನಿಮಗೂ ಕಿವ್ಯಾಗ ಡಾಸ ಅದ ಏನು?”

ಒಬ್ಬ ಮುದುಕ ಬಶಿಯ ಚಹಾ ಕುಡಿದು ಮುಗಿಸಿದ. ಇನ್ನೊಬ್ಬ ಬೇರೆ ಕಡೆ ನೋಡಿದ. ಮೂರನೆಯವನು, “ನಿನಗೂ?” ಎಂದ.

ಅಷ್ಟೇ ಸಾಕಾಯಿತು. ಒಬ್ಬನಿಗೆ ಡಾಸ, ಒಬ್ಬನಿಗೆ ಜೀರುಂಡೆ, ಒಬ್ಬನಿಗೆ ದೂರದ ಸೀಟಿ. ಒಬ್ಬ ಸೊಸೆಗೆ ಹೆದರಿ ಹೇಳಿರಲಿಲ್ಲ, ಇನ್ನೊಬ್ಬ ವೈದ್ಯರಿಗೆ ಹೆದರಿ. ಎಲ್ಲರೂ ಒಮ್ಮೆಲೇ ಮಾತಾಡತೊಡಗಿದರು. ಮಾವ ನಡುವೆ ಕೂತು ನಗುತ್ತಿದ್ದರು, ಕಣ್ಣು ಒರೆಸಿಕೊಳ್ಳುತ್ತಿದ್ದರು. ಡಾಕ್ಟರು ಹೇಳಿದ್ದನ್ನು ಮಾವ ಹೇಳಿದಾಗ ಇಬ್ಬರು ಅವರ ವಿಳಾಸ ಬೇಕೆಂದರು. ನಾನು ಚೀಟಿಯಲ್ಲಿ ಮರಾಠಿಯಲ್ಲಿ ಬರೆದುಕೊಟ್ಟೆ. ಸೀಟಿಯವನು ಮಾತ್ರ ಬೇಡವೆಂದ. “ಇರಲಿ ಬಿಡ್ರಿ ಬಾಯಾರ. ಮನ್ಯಾಗ ನಾ ಒಬ್ಬಾಂವ. ಅದೊಂದ ಜೋಡಿ ಅದ.”

ಅಷ್ಟರಲ್ಲಿ ಚಹಾದವಳು ಕೆಟಲಿ ಇಳಿಸಿ ನನ್ನ ಹತ್ತಿರ ಬಂದು ನಿಂತಿದ್ದಳು. ಸೆರಗಿನಿಂದ ಕೈ ಒರೆಸುತ್ತ, “ನಮ್ಮನಿಯವ್ರೂ ಹಿಂಗ ಅಂತಿದ್ರು” ಎಂದಳು. “ಕಿವ್ಯಾಗ ಹುಳ ಹೊಕ್ಕದ, ತಗೀ ಅಂತಿದ್ರು. ಬಿಸಿ ಎಣ್ಣಿ ಹಾಕಿದ್ನಿ, ಉಳ್ಳಾಗಡ್ಡಿ ರಸ ಹಾಕಿದ್ನಿ. ಕಡೀಕ ನನಗೂ ಸಾಕಾಗಿ, ಕುಡದದ್ದ ಜಾಸ್ತಿ ಆಗ್ಯಾದ ನಿಮಗ ಅಂತ ಬೈದ್ನಿ. ಆಮ್ಯಾಲ ಅವರು ಹೇಳೂದ ಬಿಟ್ರು.”

ನಾನು ಸರಿದು ಬೆಂಚಿನ ಮೇಲೆ ಜಾಗ ಮಾಡಿದೆ. ಅವಳು ಕೂತಳು.

“ಡಾಕ್ಟರ ಏನಂದ್ರು, ಇನ್ನೊಮ್ಮೆ ಹೇಳ್ರಿ” ಎಂದಳು.

ನಾನು ಅವಳ ಕಿವಿಯ ಹತ್ತಿರ ಬಾಗಿ ಮೊದಲಿನಿಂದ ಹೇಳಿದೆ. ಅವಳು ಕೇಳಿ, ತಲೆಯಾಡಿಸಿ, ಮತ್ತೊಮ್ಮೆ ಹೇಳಿಸಿದಳು.